ಮುದ್ದೆಯ ಪಕ್ಕದಲ್ಲಿ ಏನಿರಬೇಕು

ಕಳೆದ ಮಾಗಿಯಲ್ಲಿ ಧಾರವಾಡದ ಗೆಳತಿಯೊಬ್ಬಳು ಎರಡು ದಿನ ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದಳು. ನಮ್ಮ ಕಡೆಯ ರಾಗಿ ಮುದ್ದೆಯನ್ನು ಹೋಟೆಲಿನಲ್ಲಲ್ಲದೆ ಮನೆಯಲ್ಲಿ ಕುಳಿತು ಉಣ್ಣಬೇಕೆಂಬುದು ಅವಳ ಬಹುದಿನದ ಆಸೆ. ಅವಳ ಊರಿನ ಎಣ್ಣೆಗಾಯಿಯನ್ನು ಅವಳಿಗೇ ಮಾಡಿ ಬಡಿಸಬೇಕೆಂಬುದು ನನ್ನ ಆಸೆ. ಎರಡೂ ಆಸೆಗಳನ್ನು ಒಂದೇ ತಟ್ಟೆಯಲ್ಲಿ ತೀರಿಸಲು ಹೋದೆ. ಎಳೆಯ ಬದನೆಕಾಯಿಗೆ ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿಯ ಮಸಾಲೆ ತುಂಬಿ, ಎಣ್ಣೆ ಮೇಲೆ ತೇಲುವವರೆಗೆ ಬೇಯಿಸಿದ ಪಲ್ಯ ಚೆನ್ನಾಗಿಯೇ ಆಗಿತ್ತು. ಮುದ್ದೆಯೂ ಗಂಟಿಲ್ಲದೆ ನುಣ್ಣಗೆ ಬಂದಿತ್ತು. ಆದರೆ ತಟ್ಟೆಯಲ್ಲಿ ಅವೆರಡೂ ಒಂದಕ್ಕೊಂದು ಬೆನ್ನು ಹಾಕಿ ಕುಳಿತಂತಿದ್ದವು. ಮುರಿದ ತುತ್ತಿಗೆ ದಪ್ಪ ಮಸಾಲೆ ಮೆತ್ತಿಕೊಂಡಿತೇ ಹೊರತು ಒಳಗಿಳಿಯಲಿಲ್ಲ. ನುಂಗಲು ಹೋದರೆ ಶೇಂಗಾದ ತರಿ ಗಂಟಲಲ್ಲಿ ತಡೆಯಿತು. ಅಗಿಯಲು ಹೋದರೆ ಮುದ್ದೆ ಹಲ್ಲಿಗೆ ಅಂಟಿತು. ನಾಲ್ಕು ತುತ್ತು ಉಂಡ ಮೇಲೆ ಅವಳು, ‘ಇದು ರೊಟ್ಟಿ ಜೋಡಿ ತಿನ್ನೋದು ಅದ, ಮುದ್ದಿ ಜೋಡಿ ಅಲ್ಲ ನೋಡು’ ಎಂದಳು. ಅವಳ ಮಾತು ಸರಿಯಾಗಿತ್ತು.

ಮಾರನೆಯ ದಿನ ಉಪ್ಪುಸಾರು ಮಾಡಿದೆ. ಅದೇ ಹಿಟ್ಟಿನ ಅದೇ ಗಾತ್ರದ ಮುದ್ದೆ. ಅವಳು ಒಂದೂವರೆ ಮುದ್ದೆ ಉಂಡಳು. ಹಿಂದಿನ ದಿನ ಮಣ್ಣಿನ ಹಾಗೆ ಮಂಕಾಗಿ ಕಂಡಿದ್ದ ರಾಗಿಗೆ ಇವತ್ತು ಇಷ್ಟು ಪರಿಮಳ ಎಲ್ಲಿಂದ ಬಂತು ಎಂದು ಅವಳು ಕೇಳಿದಾಗ ನನಗೆ ನಮ್ಮಜ್ಜಿಯ ಮಾತು ನೆನಪಾಯಿತು. ಕುಣಿಗಲ್ ಕಡೆಯ ನಮ್ಮ ಹಳ್ಳಿಯಲ್ಲಿ ಮುದ್ದೆಗೆ ಹಿಟ್ಟು ಎಂದೇ ಹೆಸರು. ಮದುವೆಯಾದ ಹೊಸದರಲ್ಲಿ ನಾನು ಸಾರಿಗೆ ತೆಂಗಿನಕಾಯಿ, ಗಸಗಸೆ, ಗೋಡಂಬಿ ಎಂದು ಒಂದರ ಮೇಲೊಂದು ರುಬ್ಬಿ ಹಾಕುವುದನ್ನು ಕಂಡು ಅಜ್ಜಿ, ‘ಹಿಟ್ಟಿಗೆ ಬೇಕಾದ್ದು ನೀರು ಕಣವ್ವ, ಮಸಾಲೆ ಅಲ್ಲ’ ಎಂದಿದ್ದರು. ಅದನ್ನು ಬಡತನದ ಮಾತೆಂದು ಅಂದು ತಿಳಿದಿದ್ದೆ. ಅದು ರುಚಿಯ ಮಾತು ಎಂದು ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ರಾಗಿಯ ಜೊತೆಗೆ ಏನು ಹೊಂದುತ್ತದೆ, ಏನು ಹೊಂದುವುದಿಲ್ಲ ಎಂಬ ಲೆಕ್ಕವೆಲ್ಲ ಇಲ್ಲಿಂದ ಶುರುವಾಗುತ್ತದೆ. ಅನ್ನ, ರೊಟ್ಟಿ, ಚಪಾತಿಗಳಲ್ಲಿ ಹಲ್ಲು ಮತ್ತು ನಾಲಿಗೆ ಸೇರಿ ಧಾನ್ಯವನ್ನೂ ಪಲ್ಯವನ್ನೂ ಬೆರೆಸುತ್ತವೆ. ಅಲ್ಲಿ ರುಚಿಗೆ ಸಮಯವಿದೆ. ಮುದ್ದೆಯ ತುತ್ತು ಬಾಯಲ್ಲಿ ಇರುವುದು ಕ್ಷಣ ಹೊತ್ತು. ಅಷ್ಟರೊಳಗೆ ನಾಲಿಗೆಗೆ ಉಪ್ಪು, ಹುಳಿ, ಖಾರ ಮೂರೂ ತಾಗಬೇಕು, ತುತ್ತು ಜಾರಬೇಕು, ಜಾರಿದ ಮೇಲೆ ಮೂಗಿನ ಹಿಂಬದಿಯಲ್ಲಿ ರಾಗಿಯ ಹುರಿದಂಥ ಪರಿಮಳ ಉಳಿಯಬೇಕು. ಈ ಕೆಲಸವನ್ನು ಮಾಡಬಲ್ಲದ್ದು ತೆಳ್ಳಗಿನ, ಬಿಸಿಯಾದ, ತರಿಯಿಲ್ಲದ ಸಾರು ಮಾತ್ರ. ಬಸ್ಸಾರು ಎಂಬ ಅಡುಗೆ ನಮ್ಮ ಸೀಮೆಯಲ್ಲಿ ಯಾಕೆ ಹುಟ್ಟಿತು ಎಂಬುದಕ್ಕೆ ನನಗೆ ಹೊಳೆಯುವ ಕಾರಣವೂ ಇದೇ. ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ, ನೀರನ್ನು ಬಸಿದು, ಬಸಿದ ಕಟ್ಟನ್ನು ಸಾರು ಮಾಡಿ, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೇವೆ. ಬೇಯುವಾಗ ಒಂದೇ ಪಾತ್ರೆಯಲ್ಲಿದ್ದುದನ್ನು ಬಡಿಸುವಾಗ ಎರಡು ಮಾಡುವ ಈ ಶ್ರಮ ಯಾಕೆ? ನುಂಗುವುದು ಒಂದು ಕಡೆ, ಅಗಿಯುವುದು ಒಂದು ಕಡೆ ಇರಲಿ ಎಂದು. ಮುದ್ದೆಯ ತುತ್ತಿಗೆ ಸಾರು, ನಡುನಡುವೆ ನಂಜಿಕೊಳ್ಳಲು ಪಲ್ಯ. ಅನ್ನ ಉಣ್ಣುವ ಮನೆಯಲ್ಲಿ ಈ ವಿಂಗಡಣೆ ಅನವಶ್ಯಕ. ಮುದ್ದೆ ಉಣ್ಣುವ ಮನೆಯಲ್ಲಿ ಇದು ಇಲ್ಲದೆ ಊಟ ಸಾಗದು.

ಉಪ್ಪುಸಾರಿನಲ್ಲಿ ಈ ವಿವೇಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದನ್ನು ಮಾಡುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊರಗಿನವರು ಇದನ್ನು ಬರಿಯ ತಿಳಿಸಾರು ಎಂದು ತಿಳಿದು ಕೈಬಿಡುವುದನ್ನು ನೋಡಿದ್ದೇನೆ. ಒಂದು ಹಿಡಿ ತೊಗರಿಬೇಳೆ ಅಥವಾ ನೆನೆಸಿದ ಕಾಳನ್ನು ಧಾರಾಳ ನೀರಿನಲ್ಲಿ ಬೇಯಲಿಟ್ಟು, ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಉಪ್ಪು ಹಾಕಿ, ಬೇಳೆ ಕರಗುವ ಮುಂಚೆಯೇ ಇಳಿಸಿ ಬಸಿಯಬೇಕು. ಬೇಳೆ ಕರಗಿದರೆ ಕಟ್ಟು ಗಟ್ಟಿಯಾಗಿ ಕೆಡುತ್ತದೆ. ಇತ್ತ ಒಣಮೆಣಸಿನಕಾಯಿಯನ್ನು ಬಾಣಲೆಯಲ್ಲಿ ಹೊಗೆ ಏಳುವ ತನಕ ಹುರಿದು, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು, ಬೆಂದ ಬೇಳೆ ಒಂದು ಚಮಚ ಸೇರಿಸಿ ಒರಳಿನಲ್ಲಿ ಅರೆದರೆ ಅದು ಖಾರ. ಈ ಖಾರವನ್ನು ಪಾತ್ರೆಯ ಕಟ್ಟಿಗೆ ಕಲಸುವುದಿಲ್ಲ. ತಟ್ಟೆಯಲ್ಲಿ ಮುದ್ದೆ, ಅದರ ಪಕ್ಕ ಉಗುರಿನಷ್ಟೋ ನೆಲ್ಲಿಕಾಯಿಯಷ್ಟೋ ಖಾರ, ಅದರ ಮೇಲೆ ಹಬೆಯಾಡುವ ಉಪ್ಪುನೀರು. ಉಣ್ಣುವವರು ತಮ್ಮ ಬೆರಳಿನಿಂದಲೇ ಖಾರವನ್ನು ನೀರಿಗೆ ಕದಡಿಕೊಳ್ಳುತ್ತಾ ಹೋಗುತ್ತಾರೆ. ಮಗುವಿಗೆ ಬೇಳೆನೀರಿನ ಸಿಹಿ, ಅಪ್ಪನಿಗೆ ಕಣ್ಣಲ್ಲಿ ನೀರು ಬರುವಷ್ಟು ಖಾರ, ಪಾತ್ರೆ ಒಂದೇ. ಕುದಿಯದ ಹಸಿ ಖಾರವಾದ್ದರಿಂದ ಬೆಳ್ಳುಳ್ಳಿಯ ಮತ್ತು ಸುಟ್ಟ ಮೆಣಸಿನಕಾಯಿಯ ವಾಸನೆ ಬಿಸಿನೀರು ಬಿದ್ದ ಆ ಗಳಿಗೆಯಲ್ಲೇ ಏಳುತ್ತದೆ. ರಾಗಿಯ ಹುರಿದ ಪರಿಮಳಕ್ಕೆ ಇದು ಒಂದೇ ಮನೆತನದ ವಾಸನೆ, ಎರಡಕ್ಕೂ ಬೆಂಕಿಯೇ ತಾಯಿ.

ರಾಗಿಯ ಸ್ವಂತ ರುಚಿ ಏನು ಎಂದು ಕೇಳಿದರೆ ನಾನು ಮೊದಲು ಒಗರು ಎನ್ನುತ್ತೇನೆ, ಆಮೇಲೆ ಸಿಹಿ. ರಾಗಿಯ ಕಾಳು ತೀರ ಸಣ್ಣದು. ಒಳಗಿನ ತಿರುಳು ಮೆತ್ತಗೆ, ಹೊರಗಿನ ಸಿಪ್ಪೆ ಅದಕ್ಕೆ ಬಿಗಿಯಾಗಿ ಅಂಟಿಕೊಂಡಿದೆ. ಆದ್ದರಿಂದ ಅಕ್ಕಿಯ ಹಾಗೆ ಇದನ್ನು ಪಾಲಿಷ್ ಮಾಡುವುದು ಸುಲಭವಲ್ಲ, ಸಿಪ್ಪೆಸಮೇತ ಬೀಸಿ ವಂದರಿ ಹಿಡಿಯುತ್ತೇವೆ. ಆ ಕೆಂಗಂದು ಸಿಪ್ಪೆಯಲ್ಲಿ ಚಹಾದಲ್ಲಿರುವಂಥ ಟ್ಯಾನಿನ್ ಇದೆ. ನಾಲಿಗೆಯನ್ನು ತುಸು ಬಿಗಿಹಿಡಿಯುವ ಒಗರು ಅದರದ್ದು. ಬಿಳಿ ರಾಗಿಯಲ್ಲಿ ಈ ಅಂಶ ಕಡಿಮೆ, ಒಗರೂ ಕಡಿಮೆ. ನನಗೆ ಅದರ ಮುದ್ದೆ ಯಾವತ್ತೂ ಸಪ್ಪೆ ಎನಿಸಿದೆ. ಟ್ಯಾನಿನ್ನಿಗೆ ಪ್ರೋಟೀನಿನ ಜೊತೆ ಕಟ್ಟಿಕೊಳ್ಳುವ ಸ್ವಭಾವವಿದೆ. ಚಹಾಕ್ಕೆ ಹಾಲು ಬಿದ್ದೊಡನೆ ಒಗರು ಇಳಿಯುವುದು ಇದರಿಂದಲೇ. ಬೇಳೆಯ ಕಟ್ಟು, ಮಜ್ಜಿಗೆ, ಕೋಳಿಯ ಮೂಳೆ ಬೆಂದ ಸಾರು ರಾಗಿಗೆ ಒಪ್ಪುವುದರಲ್ಲಿ ಇದರ ಕೈವಾಡ ಇದೆಯೆಂದು ನನ್ನ ಭಾವನೆ. ಇನ್ನು ಹುಳಿ. ಒಗರಿನ ಪಕ್ಕದಲ್ಲಿ ಹುಳಿ ಇದ್ದರೆ ಬಾಯಲ್ಲಿ ನೀರೂರುತ್ತದೆ, ಬಿಗಿದ ನಾಲಿಗೆ ಸಡಿಲವಾಗುತ್ತದೆ. ಅದಕ್ಕೇ ನಮ್ಮ ಮುದ್ದೆಯ ಸಾರುಗಳಲ್ಲಿ ಹುಣಸೆಯೋ ನಿಂಬೆಯೋ ಟೊಮೆಟೊವೋ ಇಲ್ಲದ್ದು ಅಪರೂಪ, ಬೇಸಿಗೆಯ ಅಂಬಲಿಗೆ ಹುಳಿಮಜ್ಜಿಗೆ ಇಲ್ಲದಿದ್ದರೆ ಅದು ಅಂಬಲಿಯೇ ಅಲ್ಲ.

ಪೋಷಣೆಯ ಲೆಕ್ಕವೂ ಇದೇ ದಾರಿಯಲ್ಲಿ ನಡೆಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂಬುದನ್ನು ಈಗ ಎಲ್ಲರೂ ಹೇಳುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲಂತೂ ಇದು ಪೊಟ್ಟಣಗಳ ಮೇಲೆಲ್ಲ ಅಚ್ಚಾಗಿದೆ. ಅಷ್ಟು ಹೇಳಿ ನಿಲ್ಲಿಸಿದರೆ ರಾಗಿಯನ್ನು ಔಷಧಿ ಮಾಡಿದಂತಾಗುತ್ತದೆ. ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಲೈಸಿನ್ ಎಂಬುದು ರಾಗಿಯಲ್ಲಿ ಕಡಿಮೆ, ಮೆಥಿಯೊನಿನ್ ಎಂಬುದು ಸಾಕಷ್ಟಿದೆ. ಹುರುಳಿ, ಅವರೆ, ತೊಗರಿಗಳಲ್ಲಿ ಇದು ತಿರುವುಮುರುವು, ಹೀಗಾಗಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರಾಗಿಯ ಸಿಪ್ಪೆಯಲ್ಲಿರುವ ಟ್ಯಾನಿನ್ ಮತ್ತು ಫೈಟೇಟ್ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ. ಕೊನೆಯಲ್ಲಿ ಹಿಂಡಿದ ನಿಂಬೆರಸ ಆ ತಡೆಯನ್ನು ಸಡಿಲಿಸುತ್ತದೆ. ನಾಲಿಗೆ ಕೇಳಿದ್ದನ್ನೇ ಮೈಯೂ ಕೇಳಿದೆ ಎಂಬುದು ನನಗೆ ಈಗಲೂ ಬೆರಗು ತರುತ್ತದೆ.

ಆದರೆ ನಮ್ಮಜ್ಜಿಗೆ ಈ ಲೈಸಿನ್ನಿನ ಸುದ್ದಿ ಗೊತ್ತಿರಲಿಲ್ಲ. ಹಾಗಿದ್ದರೆ ಅವರಿಗೆ ಯಾವುದರ ಜೊತೆ ಯಾವುದು ಎಂದು ಕಲಿಸಿದವರು ಯಾರು? ಇದನ್ನು ನಾನು ಅಡುಗೆಮನೆಯಲ್ಲಿ ಬಹಳ ವರ್ಷ ಹುಡುಕಿದೆ. ಉತ್ತರ ಹೊಲದಲ್ಲಿತ್ತು.

ನಮ್ಮ ಕಡೆ ಖುಷ್ಕಿ ಹೊಲದಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ಎಂಟು ಹತ್ತು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ, ಅಂದರೆ ಬೆರಕೆ ಬೆಳೆ. ಅಪ್ಪ ಕೂರಿಗೆ ಹಿಡಿದು ಮುಂದೆ ಹೋದರೆ, ಅಜ್ಜಿ ಮಡಿಲಿನಲ್ಲಿ ಬೆರಕೆ ಬೀಜ ಕಟ್ಟಿಕೊಂಡು ಹಿಂದೆ ಸಡ್ಡೆ ಬಿಡುತ್ತಾ ಬರುತ್ತಿದ್ದರು. ಆ ಮಡಿಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಅಂಚಿಗೆ ಹಾಕಲು ನಾಲ್ಕು ಹರಳು ಇರುತ್ತಿದ್ದವು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಏನಾದರೊಂದು ಮನೆಗೆ ಬರಲಿ ಎಂಬುದು ಇದರ ಮೊದಲ ಉದ್ದೇಶ. ನೆಲಕ್ಕೆ ಸಾರ ಕಟ್ಟಿಕೊಡುವ ಕೆಲಸವನ್ನು ದ್ವಿದಳಗಳು ಮಾಡುತ್ತಿದ್ದವು. ಆದರೆ ಈಗ ಆ ಬೀಜಗಳ ಹೆಸರನ್ನು ಒಂದೊಂದಾಗಿ ಹೇಳಿಕೊಳ್ಳುವಾಗ ನನಗೆ ಕಾಣುವುದು ಇಡೀ ವರ್ಷದ ಊಟ. ಅವರೆಕಾಳಿನ ಸಾರು, ತೊಗರಿಬೇಳೆಯ ಉಪ್ಪುಸಾರು, ಅಲಸಂದೆಯ ಬಸ್ಸಾರು, ರೊಟ್ಟಿಗೆ ಹುಚ್ಚೆಳ್ಳಿನ ಚಟ್ನಿ. ಹುರುಳಿಯನ್ನು ಪಕ್ಕದ ಕಲ್ಲುನೆಲದಲ್ಲಿ ತಡವಾಗಿ ಎರಚುತ್ತಿದ್ದರು, ಅದು ಮೊಳಕೆಕಟ್ಟಿ ಸಾರಾಗಿ ಬರುತ್ತಿತ್ತು. ರಾಗಿಯ ಜೊತೆ ಬೆಳೆದದ್ದೇ ರಾಗಿಯ ಜೊತೆ ಬೇಯುತ್ತಿತ್ತು.

ಸೊಪ್ಪಿನ ವಿಷಯವೂ ಹಾಗೆಯೇ. ರಾಗಿ ಪೈರು ಮೊಣಕಾಲುದ್ದ ಬಂದಾಗ ಕಳೆ ತೆಗೆಯಲು ಹೋದ ಹೆಂಗಸರು ಸಂಜೆ ಬರುವಾಗ ಮಡಿಲು ತುಂಬ ಸೊಪ್ಪು ತರುತ್ತಿದ್ದರು. ಅಣ್ಣೆಸೊಪ್ಪು, ಕನ್ನೆಸೊಪ್ಪು, ಗೋಣಿಸೊಪ್ಪು, ಕಿರಕಸಾಲೆ, ಗುರ್ಜೆ, ಬೇಲಿಯ ಬದಿಯ ಹೊನಗೊನೆ. ಒಂದೊಂದೂ ಒಂದೊಂದು ಹಿಡಿಗಿಂತ ಹೆಚ್ಚು ಸಿಗುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಸೇರಿಸಿ ಬೇಯಿಸುತ್ತಿದ್ದರು, ಅದಕ್ಕೆ ಬೆರಕೆ ಸೊಪ್ಪಿನ ಸಾರು ಎಂದು ಹೆಸರಾಯಿತು. ಒಂದು ಸೊಪ್ಪಿನ ಲೋಳೆ, ಇನ್ನೊಂದರ ಹುಳಿ, ಮತ್ತೊಂದರ ಸಣ್ಣ ಕಹಿ ಸೇರಿ ಬರುವ ಆ ರುಚಿಯನ್ನು ಮಾರುಕಟ್ಟೆಯ ಒಂದೇ ಜಾತಿಯ ದಂಟು ಅಥವಾ ಪಾಲಕ್ ಕಟ್ಟಿನಿಂದ ನಾನು ಎಂದೂ ತರಲು ಸಾಧ್ಯವಾಗಿಲ್ಲ. ಲೋಳೆಸೊಪ್ಪು ಇದ್ದರೆ ಮುದ್ದೆ ಇನ್ನಷ್ಟು ಸಲೀಸಾಗಿ ಜಾರುತ್ತದೆ ಎಂಬುದೂ ಅಲ್ಲಿ ಕಲಿತದ್ದೇ.

ಅವರೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಆಷಾಢ ಶ್ರಾವಣದಲ್ಲಿ ರಾಗಿಯ ಜೊತೆಗೇ ಬಿತ್ತಿದ ನಾಟಿ ಅವರೆ, ರಾಗಿ ಕೊಯ್ಲಾಗುವ ತನಕ ಸುಮ್ಮನೆ ಬಳ್ಳಿಯಾಗಿ ಕಾಯುತ್ತದೆ. ಹಗಲು ಕುಗ್ಗಿ ಇಬ್ಬನಿ ಸುರಿಯತೊಡಗಿದ ಮೇಲೆಯೇ ಅದಕ್ಕೆ ಹೂ ಬಿಡುವ ಮನಸ್ಸು. ರಾಗಿ ಕೊಯ್ದು ಬಯಲಾದ ಹೊಲದಲ್ಲಿ ಅದು ಹರಡಿಕೊಳ್ಳುತ್ತದೆ; ಹೊಸ ರಾಗಿ ಕಣದಿಂದ ಮನೆಗೆ ಬರುವ ಹೊತ್ತಿಗೆ ಕಾಯಿ ತುಂಬಿರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಕಾಯಿ ಬಿಡಿಸಿದರೆ ಬೆರಳಿಗೆ ಅಂಟುವ ಎಣ್ಣೆಯಂಥ ಜಿಡ್ಡೇ ಸೊಗಡು. ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಕೈಯಲ್ಲಿ ಉಳಿಯುತ್ತದೆ. ಹೊಸ ರಾಗಿ ಮತ್ತು ಸೊಗಡವರೆ ಒಂದೇ ತಿಂಗಳಲ್ಲಿ ಬರುವುದು ಯಾರೋ ಅಡುಗೆಯವರು ಯೋಚಿಸಿ ಮಾಡಿದ ಜೋಡಿಯಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದಕ್ಕೆ ಕಾಯದೆ ವರ್ಷವಿಡೀ ಕಾಯಿ ಬಿಡುವ ತಳಿಗಳನ್ನು ಕೊಟ್ಟ ಮೇಲೆ ಈಗ ಬೇಸಿಗೆಯಲ್ಲೂ ಅವರೆ ಸಿಗುತ್ತದೆ, ರೈತರಿಗೆ ಅದರಿಂದ ಕೈಗೆ ಕಾಸು ಸಿಕ್ಕಿದೆ, ಅದು ಒಳ್ಳೆಯದೇ. ಆದರೂ ಚಳಿಯಿಲ್ಲದ ತಿಂಗಳ ಅವರೆಯಲ್ಲಿ ಆ ಸೊಗಡು ನನಗೆ ಸಿಕ್ಕಿಲ್ಲ, ಅದರ ಸಾರಿನೊಂದಿಗೆ ಮುದ್ದೆ ಉಂಡರೆ ಏನೋ ಕಡಿಮೆಯಾದಂತೆ ಅನಿಸುತ್ತದೆ. ಹಿತಕಿದ ಬೇಳೆಯ ಸಾರು ತೆಳ್ಳಗಿರುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ರಾತ್ರಿಯೆಲ್ಲ ನೆನೆಸಿ ಸಿಪ್ಪೆ ಹಿಚುಕಿ ತೆಗೆದ ಆ ಬೇಳೆ ನಾಲಿಗೆಯ ಮೇಲೆ ಬೆಣ್ಣೆಯ ಹಾಗೆ ಜಾರುತ್ತದೆ, ಹಲ್ಲಿಗೆ ಕೆಲಸ ಕೊಡುವುದಿಲ್ಲ.

ಈ ಅಕ್ಕಡಿಯ ಬೀಜಗಳ ಊರು ಯಾವುದು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ನನ್ನನ್ನು ಬಹಳ ದಿನ ಕಾಡಿತು. ರಾಗಿ ಮೂಲತಃ ಇಲ್ಲಿಯದಲ್ಲ, ಇಥಿಯೋಪಿಯಾದಿಂದ ಉಗಾಂಡದವರೆಗಿನ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ ಸಾವಿರಾರು ವರ್ಷಗಳ ಹಿಂದೆ ಬೇಸಾಯಕ್ಕೆ ಒಗ್ಗಿದ ಧಾನ್ಯ ಎಂಬುದು ಓದಿ ತಿಳಿದಿತ್ತು. ನಮ್ಮ ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಡದ ಹಳ್ಳೂರಿನ ಉತ್ಖನನದಲ್ಲಿ ಸುಮಾರು 3000 ವರ್ಷ ಹಿಂದಿನ ರಾಗಿಯ ಕುರುಹು ಸಿಕ್ಕಿದೆ. ಹುಚ್ಚೆಳ್ಳಿನ ಊರೂ ಇಥಿಯೋಪಿಯಾವೇ ಎಂಬುದು ನನಗೆ ಗೊತ್ತಿರಲಿಲ್ಲ. ಆ ದೇಶದ ಹಳೆಯ ಹೆಸರು ಅಬಿಸೀನಿಯಾ. ಹುಚ್ಚೆಳ್ಳಿನ ಸಸ್ಯಶಾಸ್ತ್ರದ ಹೆಸರಿನಲ್ಲಿ, ಗೈಜೋಶಿಯಾ ಅಬಿಸಿನಿಕಾ ಎಂಬುದರಲ್ಲಿ, ಅದು ಇನ್ನೂ ಉಳಿದಿದೆ. ಜೋಳ ಸುಡಾನಿನ ಕಡೆಯದು. ಅಲಸಂದೆ, ಅವರೆ, ಹರಳು ಇವೂ ಆಫ್ರಿಕಾ ಮೂಲದವು. ಹುಣಸೆಮರ ಕೂಡ ಅಲ್ಲಿಯದೇ, ಅರಬ್ಬರು ಅದನ್ನು ಹಿಂದೂಸ್ತಾನದ ಖರ್ಜೂರವೆಂದು ಕರೆದು ಲೋಕಕ್ಕೆ ಬೇರೆ ತಿಳಿವಳಿಕೆ ಕೊಟ್ಟರಷ್ಟೇ. ಅಜ್ಜಿಯ ಮಡಿಲಿನಲ್ಲಿ ಅಪ್ಪಟ ನಮ್ಮ ನೆಲದ್ದೆಂದು ಹೇಳಬಹುದಾದ್ದು ತೊಗರಿ, ಪಕ್ಕದ ಕಲ್ಲುನೆಲದ ಹುರುಳಿ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂದದ್ದು. ಅದಕ್ಕೆ ಮುಂಚೆ ಖಾರಕ್ಕೆ ಇದ್ದದ್ದು ಕಾಳುಮೆಣಸು, ಅದರ ಹೆಸರಿಗೇ ಕಾಯಿ ಸೇರಿಸಿ ಹೊಸಬನನ್ನು ಕರೆದೆವು. ಉಪ್ಪುಸಾರಿನ ಖಾರಕ್ಕೆ ನಾವು ಇವತ್ತಿಗೂ ನಾಲ್ಕು ಕಾಳು ಮೆಣಸು ಹಾಕುವಾಗ ನನಗೆ ಆ ಹಳೆಯ ಸಾರಿನ ನೆನಪನ್ನು ಯಾರೋ ಕಾಪಾಡಿಕೊಂಡು ಬಂದಂತೆ ತೋರುತ್ತದೆ.

ಇವೆಲ್ಲ ಒಂದೇ ಮೂಟೆಯಲ್ಲಿ ಬಂದವೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಬಗೆಯ ಮಳೆಗೂ ಒಂದೇ ಬಗೆಯ ಬಿಸಿಲಿಗೂ ಒಗ್ಗಿದ ಗಿಡಗಳು ಎರಡು ಖಂಡಗಳಲ್ಲಿ ಅಕ್ಕಪಕ್ಕದಲ್ಲೇ ಬೆಳೆದಿವೆ, ಅಕ್ಕಪಕ್ಕದಲ್ಲೇ ಬೆಂದಿವೆ. ಕೀನ್ಯಾದಲ್ಲಿ ರಾಗಿಗೆ ವಿಂಬಿ ಎನ್ನುತ್ತಾರೆ. ಅಲ್ಲಿಯ ಉಜಿ ಎಂಬ ಗಂಜಿ ನಮ್ಮ ಅಂಬಲಿಯ ತಂಗಿ. ಹಿಟ್ಟನ್ನು ಹುಳಿಬರಿಸಿಯೋ, ಹುಣಸೆ ಅಥವಾ ನಿಂಬೆಯ ರಸ ಹಿಂಡಿಯೋ ಅದನ್ನು ಕುಡಿಯುತ್ತಾರೆ. ಇಥಿಯೋಪಿಯಾದಲ್ಲಿ ರಾಗಿಯ ಹಿಟ್ಟನ್ನು ಟೆಫ್ ಎಂಬ ಅಲ್ಲಿಯ ಸಣ್ಣ ಧಾನ್ಯದ ಹಿಟ್ಟಿನ ಜೊತೆ ಬೆರೆಸಿ ಹುಳಿಬರಿಸಿ, ಇಂಜೆರಾ ಎಂಬ ದೋಸೆಯಂಥ ರೊಟ್ಟಿ ಹುಯ್ಯುತ್ತಾರೆ. ನಮ್ಮ ಅಜ್ಜಿಯರು ಅವರನ್ನು ಕಂಡವರಲ್ಲ, ಅವರು ನಮ್ಮನ್ನು ಕಂಡವರಲ್ಲ. ಒಗರಿಗೆ ಹುಳಿ ಬೇಕು ಎಂಬುದನ್ನು ಎರಡು ಕಡೆಯ ನಾಲಿಗೆಗಳೂ ತಾವೇ ಕಂಡುಕೊಂಡಿವೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ತಳಿವಿಜ್ಞಾನಿ ಲಕ್ಷ್ಮಣಯ್ಯನವರು, ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಪ್ರೀತಿಯಿಂದ ಕರೆದವರು, ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕಾ ಸೇರಿದ ಹೆಸರು ಅದು. ಆ ಹೆಸರಿನ ಅರ್ಥ ತಿಳಿಯುವ ಎಷ್ಟೋ ಮೊದಲೇ, ‘ಇಂಡಾಪು ರಾಗಿ’ ಎಂಬ ಮಾತು ನಮ್ಮ ಮನೆಯ ಜಗಲಿಯಲ್ಲಿ ಓಡಾಡುತ್ತಿತ್ತು.

ಹುಚ್ಚೆಳ್ಳನ್ನು ಬಿಟ್ಟು ಮುಂದೆ ಹೋಗಲಾರೆ. ರಾಗಿಯಲ್ಲಿ ಕೊಬ್ಬು ನೂರಕ್ಕೆ ಎರಡು ಪಾಲೂ ಇಲ್ಲ. ಅದರ ರೊಟ್ಟಿ ಒಣಗಿದ ಬಾಯಿಗೆ ಒರಟು. ಹುಚ್ಚೆಳ್ಳು ಎಣ್ಣೆಯ ಕಾಳು. ಕರಿದಾದ, ನೀಳವಾದ ಆ ಸಣ್ಣ ಬೀಜವನ್ನು ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದೆರಡು ಕಾಳು ಚಟಚಟ ಎನ್ನುತ್ತವೆ, ಹಿಂದೆಯೇ ಇಡೀ ಬಾಣಲೆ ಮಳೆಹನಿ ಬಿದ್ದ ಹಂಚಿನ ಹಾಗೆ ಸದ್ದು ಮಾಡುತ್ತದೆ. ಆ ಸದ್ದು ಕಡಿಮೆಯಾಗುವ ಮುಂಚೆ ಇಳಿಸಬೇಕು. ತಡವಾದರೆ ಕಹಿ ಮೇಲೇಳುತ್ತದೆ, ಬೇಗ ಇಳಿಸಿದರೆ ಹಸಿ ಎಣ್ಣೆಯ ವಾಸನೆ ಉಳಿಯುತ್ತದೆ. ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಹುಣಸೆ, ಉಪ್ಪು ಸೇರಿಸಿ ಕುಟ್ಟಿದರೆ ಪುಡಿ ಕೈಗೆ ಜಿಡ್ಡಾಗಿ ಅಂಟುತ್ತದೆ. ಈರುಳ್ಳಿ, ನುಗ್ಗೆಸೊಪ್ಪು ಹಾಕಿ ತಟ್ಟಿದ ರಾಗಿ ರೊಟ್ಟಿಯನ್ನು ಕೆಂಡದ ಹೆಂಚಿನಿಂದ ತೆಗೆದು, ಮೇಲೆ ಬೆಣ್ಣೆಯಿಟ್ಟು, ಈ ಚಟ್ನಿಯನ್ನು ಉದುರಿಸಿಕೊಂಡು ತಿಂದಾಗ ಒಗರು, ಸಣ್ಣ ಕಹಿ, ಹುಳಿ, ಜಿಡ್ಡು ನಾಲ್ಕೂ ಒಂದರ ಹಿಂದೊಂದು ಬರುತ್ತವೆ. ಮುದ್ದೆಗೆ ಹೊಂದದ ಎಣ್ಣೆಕಾಳಿನ ತರಿ ರೊಟ್ಟಿಗೆ ಹೊಂದುವುದು ರೊಟ್ಟಿಯನ್ನು ಅಗಿಯುತ್ತೇವೆ ಎಂಬ ಕಾರಣದಿಂದ. ಧಾನ್ಯ ಅದೇ; ಅದು ತಟ್ಟೆಗೆ ಬಂದ ರೂಪ ಬೇರೆಯಾದರೆ ಸಂಗಾತಿಯೂ ಬೇರೆ.

ಸಿಹಿಗೂ ಇದೇ ಮಾತು ಅನ್ವಯಿಸುತ್ತದೆ. ರಾಗಿಯನ್ನು ಮೊಳಕೆ ಕಟ್ಟಿದಾಗ ಕಾಳಿನೊಳಗಿನ ಪಿಷ್ಟ ಒಡೆದು ಸಕ್ಕರೆಯಾಗತೊಡಗುತ್ತದೆ. ಹದಮಾಡಿ ಬಿಸಿ ಮರಳಿನಲ್ಲಿ ಅರಳಾಗಿ ಹುರಿದರೆ ಸುಟ್ಟ ಬೆಲ್ಲದಂಥ ಪರಿಮಳ ಬರುತ್ತದೆ. ಆಗ ರಾಗಿ ತಾನೇ ಸಿಹಿಯ ಕಡೆಗೆ ನಾಲ್ಕು ಹೆಜ್ಜೆ ಬಂದಿರುತ್ತದೆ, ಹುರಿಹಿಟ್ಟಿಗೆ ಬೆಲ್ಲ, ಏಲಕ್ಕಿ, ಕಾಯಿತುರಿ, ತುಪ್ಪ ಸೇರಿಸಿದರೆ ಎಲ್ಲವೂ ಒಂದೇ ಮಾತಾಡುತ್ತವೆ. ಹಸಿ ಹಿಟ್ಟನ್ನು ಹಾಗೆಯೇ ಮೈದಾದ ಜಾಗದಲ್ಲಿಟ್ಟು, ಕೋಕೋ ಮತ್ತು ಸಕ್ಕರೆ ಸುರಿದು ಮಾಡುವ ಬಿಸ್ಕತ್ತು, ಕೇಕುಗಳನ್ನು ನಾನು ಒಪ್ಪಲಾರೆ. ಕೋಕೋ ಕೂಡ ಒಗರಿನದ್ದೇ. ಒಗರಿನ ಮೇಲೆ ಒಗರನ್ನು ಪೇರಿಸಿ, ಎರಡನ್ನೂ ಸಕ್ಕರೆಯಿಂದ ಮುಚ್ಚಿದ ಮೇಲೆ ಅಲ್ಲಿ ರಾಗಿ ಇದೆಯೆಂದು ತಿಳಿಯಲು ಪೊಟ್ಟಣ ಓದಬೇಕಾಗುತ್ತದೆ. ಮಕ್ಕಳಿಗೆ ರಾಗಿಯ ರುಚಿ ಹಿಡಿಸುವುದಿಲ್ಲ, ಅದಕ್ಕೇ ಹೀಗೆ ಎನ್ನುವ ತಾಯಂದಿರಿಗೆ ನಾನು ಹೇಳುವುದು ಇಷ್ಟೇ: ಮಗುವಿಗೆ ಒಮ್ಮೆ ಬೇಳೆಕಟ್ಟು ಮತ್ತು ತುಪ್ಪದ ಜೊತೆ ಬಿಸಿ ಮುದ್ದೆಯ ಸಣ್ಣ ತುತ್ತು ಕೊಟ್ಟು ನೋಡಿ.

ನಮ್ಮ ಹೊಲದಲ್ಲಿ ಅಕ್ಕಡಿ ನಿಂತು ಹದಿನೈದು ವರ್ಷವಾಗಿತ್ತು. ಕೊಯ್ಯುವ ಯಂತ್ರ ಬಂದ ಮೇಲೆ ನಡುವಿನ ಅವರೆ ಬಳ್ಳಿ, ತೊಗರಿ ಗಿಡ ಅದಕ್ಕೆ ಅಡ್ಡಿಯಾದವು. ಆಳು ಸಿಗದೆ ಕಳೆನಾಶಕ ಹೊಡೆಯತೊಡಗಿದ ಮೇಲೆ ಅಣ್ಣೆ, ಗುರ್ಜೆ, ಕನ್ನೆ ಮೊದಲು ಹೋದವು. ತಮ್ಮನನ್ನು ನಾನು ದೂರುವುದಿಲ್ಲ. ಬೇಸಾಯದ ಕಷ್ಟ ಅವನ ಬೆನ್ನಿಗೆ ಗೊತ್ತು. ಆದರೆ ಹೊಲದಲ್ಲಿ ರಾಗಿ ಒಂಟಿಯಾದ ಮೂರು ನಾಲ್ಕು ವರ್ಷಗಳಲ್ಲೇ ನಮ್ಮ ಅಮ್ಮನ ತಟ್ಟೆಯಲ್ಲೂ ಅದು ಒಂಟಿಯಾಯಿತು. ಪೇಟೆಯ ಬೇಳೆ, ಪೇಟೆಯ ಟೊಮೆಟೊ, ಡಬ್ಬಿಯ ಸಾರಿನ ಪುಡಿ. ವಾರಕ್ಕೆ ಏಳು ಬಗೆಯಾಗುತ್ತಿದ್ದ ಸಾರು ಎರಡು ಬಗೆಗೆ ಇಳಿಯಿತು. ಬೀಜ ಬಿತ್ತುವುದನ್ನು ನಿಲ್ಲಿಸಿದರೆ ಅಡುಗೆ ಮರೆತುಹೋಗುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ.

ಹೋದ ಮುಂಗಾರಿನಲ್ಲಿ ಮನೆಯ ಹಿಂದಿನ ಹತ್ತು ಗುಂಟೆಯಲ್ಲಿ ಯಂತ್ರ ತರುವುದಿಲ್ಲವೆಂದು ತಮ್ಮ ಒಪ್ಪಿದ. ಪಕ್ಕದ ಹಳ್ಳಿಯ ಸೋದರತ್ತೆ ಹುಚ್ಚೆಳ್ಳು ಮತ್ತು ನಾಟಿ ಅವರೆಯ ಬೀಜವನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ, ಬೂದಿ ಬೆರೆಸಿ ಇಟ್ಟಿದ್ದರು. ಅವನ ಮಗಳು ಹಿಂದೆ ನಡೆಯುತ್ತಾ ಎರಡು ಸಾಲು ಬಿಟ್ಟಳು. ದಸರೆ ಕಳೆದ ಮೇಲೆ ನಾನು ಊರಿಗೆ ಹೋದಾಗ ಹಸಿರು ತೆನೆಗಳ ನಡುವೆ ಹುಚ್ಚೆಳ್ಳಿನ ಹಳದಿ ಹೂ ಗೆರೆ ಎಳೆದಂತೆ ನಿಂತಿತ್ತು, ಜೇನು ಮುತ್ತಿತ್ತು. ಸೇರಿಗೆ ಸ್ವಲ್ಪ ಕಡಿಮೆ ಬೀಜವಾಯಿತು. ಅರ್ಧವನ್ನು ಅತ್ತೆಗೆ ಹಿಂದಿರುಗಿಸಿ, ಉಳಿದದ್ದರಲ್ಲಿ ಒಂದು ಪಾವನ್ನು ಬಿತ್ತನೆಗೆ ಎತ್ತಿಟ್ಟು, ಮಿಕ್ಕಿದ್ದನ್ನು ನಾನು ಬೆಂಗಳೂರಿಗೆ ತಂದೆ.

ಗೆಳತಿ ಬಂದಿದ್ದ ಎರಡನೆಯ ದಿನದ ಸಂಜೆ, ಉಪ್ಪುಸಾರಿನ ಊಟವಾದ ಮೇಲೆ, ಅವಳು ತನ್ನ ಚೀಲದಿಂದ ಧಾರವಾಡದಿಂದ ತಂದ ಡಬ್ಬಿಯನ್ನು ತೆಗೆದು ಮುಂದಿಟ್ಟಳು. ಒಳಗೆ ಗುರೆಳ್ಳಿನ ಚಟ್ನಿಪುಡಿ. ಮುಚ್ಚಳ ತೆಗೆದೊಡನೆ ಬಂದ ವಾಸನೆಗೆ ನಾನು ಎದ್ದು ಹೋಗಿ ನಮ್ಮ ಹುಚ್ಚೆಳ್ಳಿನ ಪುಡಿಯ ಬಾಟಲಿಯನ್ನು ತಂದು ಪಕ್ಕದಲ್ಲಿಟ್ಟೆ. ಅವಳ ಕಡೆ ಗುರೆಳ್ಳು, ನಮ್ಮ ಕಡೆ ಹುಚ್ಚೆಳ್ಳು; ಕಾಳು ಒಂದೇ. ಅವಳದ್ದರಲ್ಲಿ ಬೆಲ್ಲ ತುಸು ಮುಂದೆ, ನಮ್ಮದರಲ್ಲಿ ಹುಣಸೆ ಮುಂದೆ. ಅವರು ಅದನ್ನು ಜೋಳದ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ, ನಾವು ರಾಗಿ ರೊಟ್ಟಿಗೆ. ರಾತ್ರಿಗೆ ರಾಗಿ ರೊಟ್ಟಿ ತಟ್ಟಿದೆ. ಹಿಂದಿನ ದಿನ ಉಳಿದಿದ್ದ ಎಣ್ಣೆಗಾಯಿಯನ್ನು ಅವಳೇ ಬಿಸಿಮಾಡಿ ತಂದಳು. ಮುದ್ದೆಯೊಂದಿಗೆ ಜಗಳವಾಡಿದ್ದ ಆ ಬದನೆಕಾಯಿ ರಾಗಿ ರೊಟ್ಟಿಯ ಬಿಸಿ ಅಂಚಿನೊಂದಿಗೆ ಎಷ್ಟು ಹೊಂದಿಕೊಂಡಿತೆಂದರೆ, ಎರಡು ಬಗೆಯ ಪುಡಿಯನ್ನೂ ಬೆಣ್ಣೆಯನ್ನೂ ಮುಂದಿಟ್ಟುಕೊಂಡು ನಾವಿಬ್ಬರೂ ಮಾತಿಲ್ಲದೆ ಐದು ರೊಟ್ಟಿ ಮುಗಿಸಿದೆವು.